ಹಪ್ಪಳದ ಪ್ಯಾಕೆಟ್ಟಿಗೆ ಅಜ್ಜಿಯನ್ನು ಅಂಟಿಸುವ ಮುನ್ನ

ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳ ಇನ್‌ಸ್ಟಾಗ್ರಾಂ ಪುಟ ನೋಡಿದರೆ ಎಲ್ಲರಿಗೂ ಒಬ್ಬಳೇ ಅಜ್ಜಿ ಇದ್ದಂತಿದೆ. ಅದೇ ಬಿಳಿಕೂದಲು, ಅದೇ ಒರಳುಕಲ್ಲು, ಅದೇ ‘ಕೈರುಚಿ’. ನಿಮ್ಮ ಅಜ್ಜಿ ನಿಜಕ್ಕೂ ಹಪ್ಪಳ ಒತ್ತುತ್ತಿದ್ದರೆ ಧಾರಾಳವಾಗಿ ಬರೆಯಿರಿ. ಇಲ್ಲವಾದರೆ ಪಾಪ, ಅವರನ್ನು ಅವರ ಪಾಡಿಗೆ ಬಿಡಿ. ಹಲಸಿನ ಹಪ್ಪಳ ಮಾಡುವವರಿಗೆ ಹೇಳಿಕೊಳ್ಳಲು ಬೇಕಾದಷ್ಟಿದೆ.

ಮೊದಲು ಒಂದು ದಿನದ ಕೆಲಸವನ್ನು ಗುರುತು ಹಾಕಿಕೊಳ್ಳಿ. ಕೈಗೆ ಮೇಣ ಹತ್ತಿರುವಾಗ ಬರೆಯಲು ಎಲ್ಲಾಗುತ್ತದೆ? ಮೊಬೈಲ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ. ಬಲಿತಿದ್ದರೂ ಹಣ್ಣಾಗದ ಕಾಯಿಯನ್ನು ಹೇಗೆ ಆರಿಸಿದಿರಿ, ಕತ್ತಿಗೆ ಎಷ್ಟು ಸಲ ಎಣ್ಣೆ ಸವರಿದಿರಿ, ಬೆಂದ ತೊಳೆಯನ್ನು ಬಿಸಿಯಿರುವಾಗಲೇ ಯಾಕೆ ರುಬ್ಬಿದಿರಿ, ಚಾಪೆಯ ಮೇಲಿನ ಹಪ್ಪಳವನ್ನು ಎಷ್ಟು ಹೊತ್ತಿಗೆ ಮಗುಚಿದಿರಿ, ಮೋಡ ಕಂಡಾಗ ಯಾರು ಮೊದಲು ಅಂಗಳಕ್ಕೆ ಓಡಿದರು. ಎಲ್ಲವೂ ಇರಲಿ.

ಇನ್ನು ಅದರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಕಷ್ಟದ ಹೆಜ್ಜೆ ಇದೇ. ಗಿರಾಕಿಗಳು ಪದೇಪದೇ ಕೇಳುವ ಪ್ರಶ್ನೆ ಯಾವುದೋ ಅದಕ್ಕೆ ಉತ್ತರವಾಗುವಂಥದ್ದನ್ನು ಹಿಡಿಯಿರಿ. ‘ಈಗ ಯಾಕೆ ಸಿಗಲ್ಲ?’ ಎಂದು ಕೇಳುತ್ತಾರೆ ಅಂದುಕೊಳ್ಳಿ. ‘ಸ್ಟಾಕ್ ಇಲ್ಲ’ ಎನ್ನುವ ಬದಲು ಹೀಗೆ ಬರೆಯಬಹುದು:

“ನಮ್ಮಲ್ಲಿ ಹಪ್ಪಳದ ಕೆಲಸ ಬೇಸಿಗೆಯಲ್ಲಿ ಮಾತ್ರ. ಕಾಯಿ ಹಣ್ಣಿಗೆ ತಿರುಗಿದರೆ ಹಿಟ್ಟು ಸಿಹಿಯಾಗುತ್ತೆ, ಕರಿದಾಗ ಕಪ್ಪಾಗುತ್ತೆ. ಮಳೆ ಹಿಡಿದರೆ ಒಣಗೋದೇ ಇಲ್ಲ. ಇದು ಮುಗಿದರೆ ಮುಂದಿನ ವರ್ಷವೇ.”

ಇಷ್ಟರಲ್ಲಿ ಎಲ್ಲೂ ‘ರುಚಿಕರ’ ಎಂಬ ಪದ ಬಂದಿಲ್ಲ, ಗಮನಿಸಿ.

ಲೆಕ್ಕ ಹೇಳಲು ನಾಚಬೇಡಿ. 1959ರಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು, ತಾರಸಿಯ ಮೇಲೆ ಕುಳಿತು ಲಟ್ಟಿಸಿದ್ದು ಬರೀ ನಾಲ್ಕು ಪ್ಯಾಕೆಟ್ ಹಪ್ಪಳ. ಲಿಜ್ಜತ್ ಹಪ್ಪಳದ ಸಂಸ್ಥೆ ಹುಟ್ಟಿದ ಈ ಕತೆ ಇಂದಿಗೂ ಬಾಯಿಂದ ಬಾಯಿಗೆ ಓಡುತ್ತಿರುವುದು ಆ ಏಳು, ಎಂಬತ್ತು, ನಾಲ್ಕರ ಬಲದಿಂದ. ನಿಮ್ಮ ಮೊದಲ ದಿನದ ಹಪ್ಪಳದಲ್ಲಿ ಅರ್ಧ ಸೀಳಿದ್ದರೆ ಅದನ್ನೂ ಹೇಳಿ. ಜೊತೆಯಲ್ಲಿ ಒತ್ತುವವರು ಇದ್ದರೆ ‘ನಾನು’ ಹೋಗಿ ‘ನಾವು’ ಆಗಲಿ. ಅವರ ಫೋಟೊ ಹಾಕುವ ಮುಂಚೆ ಒಂದು ಮಾತು ಕೇಳಿ.

ಲೇಬಲ್ ವಿಷಯದಲ್ಲಿ ಮಾತ್ರ ಉತ್ಸಾಹ ಕಡಿಮೆಯಿರಲಿ. ಆಹಾರ ಜಾಹೀರಾತಿನ 2018ರ ನಿಯಮಗಳ ಪ್ರಕಾರ ‘ಸಾಂಪ್ರದಾಯಿಕ’ ಎನ್ನಬೇಕಾದರೆ ಆ ವಿಧಾನ ತಲೆಮಾರುಗಳಿಂದ ನಡೆದುಬಂದಿರಬೇಕು. ‘ಶುದ್ಧ’ ಎಂಬುದು ಬೇರೇನೂ ಬೆರೆಸದ ಒಂದೇ ಪದಾರ್ಥಕ್ಕೆ ಸಲ್ಲುವ ಮಾತು. ಉಪ್ಪು, ಖಾರ, ಜೀರಿಗೆ ಬಿದ್ದ ಹಪ್ಪಳಕ್ಕೆ ಹೊಂದದು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದಂತೂ ಬರೆಯಲೇಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇದೆ, ಅಂದರೆ ಆ ಹೆಸರು ಆ ಸೀಮೆಯ ಬೆಳೆಗೆ ಮಾತ್ರ ಸಲ್ಲುತ್ತದೆ. ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಖಾರಕ್ಕೆಂದು ಗುಂಟೂರು ಬೆರೆಸಿದ್ದರೆ ಎರಡೂ ಹೆಸರು ಬರೆಯಿರಿ. ನಾಲಿಗೆ ಬಲ್ಲವರು ಹೇಗೂ ಕಂಡುಹಿಡಿಯುತ್ತಾರೆ.

ಕೊನೆಗೆ, ಬರೆದದ್ದನ್ನು ಪೋಸ್ಟ್ ಮಾಡುವ ಮೊದಲು ಜೊತೆಯಲ್ಲಿ ಹಪ್ಪಳ ಒತ್ತುವ ಅತ್ತಿಗೆಗೋ ಪಕ್ಕದ ಮನೆಯವರಿಗೋ ಗಟ್ಟಿಯಾಗಿ ಓದಿ ಹೇಳಿ. ಅವರು ಯಾವ ಸಾಲಿಗೆ ಕಿಸಕ್ಕನೆ ನಕ್ಕರೋ ಆ ಸಾಲು ಅಳಿಸಿ.