ಸಾಫ್ಟ್‌ಬಾಲ್ ಸಾಧಕರ ಸನ್ಮಾನ: ಆಯ್ಕೆ ಮಾಡುವ ಬಗೆ

ಹೆಸರುಗಳು ಬರುವ ಮೊದಲೇ ಅರ್ಹತೆ ಬರೆದಿಡಿ: ಉದಾಹರಣೆಗೆ ಕನಿಷ್ಠ 10 ವರ್ಷದ ಆಟ, ನಿವೃತ್ತಿಯಾಗಿ 3 ವರ್ಷ. ಆಮೇಲೆ ಬರೆದರೆ ಪಕ್ಷಪಾತದ ಮಾತು ತಪ್ಪದು.

ಹೆಚ್ಚಿನವರು ಎಡವುವುದು ಅಂಕಿಅಂಶದಲ್ಲಿ. ಫಾಸ್ಟ್‌ಪಿಚ್, ಸ್ಲೋಪಿಚ್ ಬ್ಯಾಟಿಂಗ್ ಸರಾಸರಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸ್ಲೋಪಿಚ್‌ನಲ್ಲಿ ಚೆಂಡು ಕಮಾನಿನಂತೆ ನಿಧಾನವಾಗಿ ಬರುವುದರಿಂದ ಸರಾಸರಿ ಸಹಜವಾಗಿಯೇ ಹೆಚ್ಚು. ಪಿಚರ್‌ಗಳ (ಚೆಂಡು ಎಸೆಯುವವರ) ಇಆರ್‌ಎಗೆ, ಅಂದರೆ ಪಂದ್ಯವೊಂದಕ್ಕೆ ಬಿಟ್ಟುಕೊಟ್ಟ ರನ್ನುಗಳ ಸರಾಸರಿಗೆ (ಕಡಿಮೆಯಿದ್ದಷ್ಟೂ ಒಳ್ಳೆಯದು), ಫೀಲ್ಡರ್‌ಗಳ ತಪ್ಪಿಲ್ಲದೆ ಬಿಟ್ಟುಕೊಟ್ಟ ರನ್ನುಗಳನ್ನು ಸಾಫ್ಟ್‌ಬಾಲ್ ಪಂದ್ಯದ ಇನಿಂಗ್ಸ್ ಸಂಖ್ಯೆಯಾದ 7ರಿಂದ ಗುಣಿಸಿ, ಎಸೆದ ಇನಿಂಗ್ಸ್‌ನಿಂದ ಭಾಗಿಸಿ. 70 ಇನಿಂಗ್ಸ್‌ಗೆ 14 ರನ್ ಎಂದರೆ 1.40. ಬೇಸ್‌ಬಾಲ್‌ನ 9 ಹಾಕಿದರೆ ಅದೇ 1.80 ಆಗಿ ಒಳ್ಳೆಯ ಪಿಚರ್‌ಗೆ ಅನ್ಯಾಯವಾಗುತ್ತದೆ.

ಕೋಚ್‌ಗಳನ್ನು ಗೆಲುವಿನಿಂದಷ್ಟೇ ಅಳೆಯಬೇಡಿ. ಅವರು ಬೆಳೆಸಿದ ಆಟಗಾರರಿಂದ ಪತ್ರ ತರಿಸಿ.

ಫಲಕ ಕೆತ್ತಿಸುವ ಮುನ್ನ ಹೆಸರಿನ ಕಾಗುಣಿತ, ಇಸವಿಗಳನ್ನು ಸನ್ಮಾನಿತರಿಗೇ ತೋರಿಸಿ.