ಮೆಸಾ ಡ್ರೈವರ್ ಗೋಜಲು ಬಿಡಿಸಿದ್ದು ಹೀಗೆ

ಚಿಕ್ಕಮಗಳೂರಿನಲ್ಲಿ ಅಣ್ಣನಿಗೆ ಕಾಫಿ ಪುಡಿ ಅಂಗಡಿ ಇದೆ. ಅಲ್ಲಿನ ಕಂಪ್ಯೂಟರ್‌ನಲ್ಲಿರುವುದು ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಸ್ಕ್ರೀನ್ ಮಿಣುಕುತ್ತಿತ್ತು ಅಂತ ಹೊರಗಿನ ಒಂದು ಪಿಪಿಎ (ಬೇರೆಯವರು ನಡೆಸುವ ಪ್ಯಾಕೇಜ್ ಮೂಲ) ಸೇರಿಸಿ ಹೊಸ ಮೆಸಾ ಡ್ರೈವರ್ (ಗ್ರಾಫಿಕ್ಸ್ ನಡೆಸುವ ಸಾಫ್ಟ್‌ವೇರ್) ಹಾಕಿದೆ. ಮಿಣುಕು ನಿಂತಿತು. ಇನ್ನೇಕೆ ಅಂತ ಸಾಫ್ಟ್‌ವೇರ್ ಮೂಲಗಳ ಪಟ್ಟಿಯಲ್ಲಿ ಆ ಪಿಪಿಎಯ ಟಿಕ್ ತೆಗೆದು ಆಫ್ ಮಾಡಿದೆ.

ಕಳೆದ ವಾರ ಹಳೆಯ ಬಿಲ್ಲಿಂಗ್ ಪ್ರೋಗ್ರಾಂಗಾಗಿ 32 ಬಿಟ್ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಲು ಹೋದರೆ 'ಡಿಪೆಂಡೆನ್ಸಿ ಸಿಗುತ್ತಿಲ್ಲ', ಅಂದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್ ಸಿಗುತ್ತಿಲ್ಲ ಎಂಬ ಎರರ್. ಹೊರಗೆ ಜಡಿಮಳೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. "ಇವತ್ತೇ ಬಿಲ್ ಮಾಡ್ಬೇಕು ಕಣೋ" ಅಂತ ಅಣ್ಣ ಬೇರೆ.

ಪ್ಯಾಕೇಜ್ ಹಾಕುವ, ತೆಗೆಯುವ ಆಪ್ಟಿಟ್ಯೂಡ್ ಎಂಬ ಟೂಲ್ ಒಂದು ದಾರಿ ತೋರಿಸಿತು. ಪಟ್ಟಿ ಓದಿದರೆ ಡೆಸ್ಕ್‌ಟಾಪನ್ನೇ ತೆಗೆಯುವ ದಾರಿ! ಬೇಡ ಎಂದೆ. ಇಂಥ ಪಟ್ಟಿಯನ್ನು ಸುಮ್ನೆ ಒಪ್ಪಬೇಡಿ, ಪೂರ್ತಿ ಓದಿ.

ಯಾವ ಪ್ಯಾಕೇಜ್ ಎಲ್ಲಿಂದ ಬಂದಿದೆ ಎಂದು ತೋರಿಸುವ 'ಆಪ್ಟ್ ಪಾಲಿಸಿ' ಕಮಾಂಡ್ ಕೊಟ್ಟಾಗ ವಿಷಯ ಗೊತ್ತಾಯಿತು. ಹಾಕಿರುವ 64 ಬಿಟ್ ಮೆಸಾ ಪಿಪಿಎಯದ್ದು, 24.1. ವೈನ್‌ಗೆ ಬೇಕಾದ 32 ಬಿಟ್ ಮೆಸಾ ಈಗ ಸಿಗುವುದು ಉಬುಂಟುವಿನದು, 23.2. ಈ ಲೈಬ್ರರಿಗಳ ಎರಡೂ ರೂಪ ಒಟ್ಟಿಗೆ ಇರಬೇಕಾದರೆ ಆವೃತ್ತಿ ಒಂದೇ ಆಗಿರಬೇಕು. ಟಿಕ್ ತೆಗೆದರೆ ಹೊಸ ಪ್ಯಾಕೇಜ್ ಬರುವುದು ನಿಲ್ಲುತ್ತದೆ ಅಷ್ಟೇ, ಹಾಕಿದ್ದು ಹಾಗೇ ಉಳಿಯುತ್ತದೆ ಅಲ್ವಾ!

ಪಿಪಿಎ-ಪರ್ಜ್ ಎಂಬ ಸಣ್ಣ ಟೂಲ್ ಇದೆ. ಅದು ಪಿಪಿಎಯ ಪ್ಯಾಕೇಜ್‌ಗಳನ್ನು ಉಬುಂಟುವಿನ ಆವೃತ್ತಿಗೆ ಇಳಿಸುತ್ತದೆ. ಆದರೆ ಪಿಪಿಎ ಆಫ್ ಆಗಿದ್ದರೆ ಅದಕ್ಕೆ ಪಟ್ಟಿಯೇ ಸಿಗುವುದಿಲ್ಲ. ನಾನು ಜಾಸ್ತಿ ಹೊತ್ತು ಒದ್ದಾಡಿದ್ದು ಇಲ್ಲೇ. ಮತ್ತೆ ಟಿಕ್ ಹಾಕಿ, 'ಆಪ್ಟ್ ಅಪ್‌ಡೇಟ್' ಮಾಡಿ, ಆಮೇಲೆ ಪರ್ಜ್ ಕೊಟ್ಟೆ. ರೀಸ್ಟಾರ್ಟ್ ಆದ ಮೇಲೆ ವೈನ್ ತಕರಾರಿಲ್ಲದೆ ಕೂತಿತು. ಮಿಣುಕು ಇದುವರೆಗೆ ಮತ್ತೆ ಬಂದಿಲ್ಲ.