ಸೊಂಟದ ಮೂಳೆ ಮುರಿತದ ನಂತರ ಮನೆಯೊಳಗಿನ ನಡಿಗೆಯನ್ನು ನಾನು ಅಳೆಯುವ ಬಗೆ

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಹಿರಿಯರು ಫಿಸಿಯೋಥೆರಪಿ ಕೊಠಡಿಯಲ್ಲಿ ನನ್ನೆದುರು ನಡೆದು ತೋರಿಸುವುದಕ್ಕೂ ಮನೆಯಲ್ಲಿ ದಿನವಿಡೀ ನಡೆಯುವುದಕ್ಕೂ ಬಹಳ ಅಂತರವಿರುತ್ತದೆ. ಎದುರಿಗೆ ಚಿಕಿತ್ಸಕರಿದ್ದಾಗ ಅವರು ಇರುವ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಹೆಜ್ಜೆ ಹಾಕುತ್ತಾರೆ. ಮನೆಯ ವಿಷಯ ಕೇಳಿದರೆ ಮಕ್ಕಳು "ಚೆನ್ನಾಗೇ ಓಡಾಡ್ತಾರೆ" ಎನ್ನುತ್ತಾರೆ. ಆ ಮಾತಿನಿಂದ ಮುಂದಿನ ವ್ಯಾಯಾಮವನ್ನು ನಿರ್ಧರಿಸಲು ಆಗುವುದಿಲ್ಲವಾದ್ದರಿಂದ ನಾನು ದೇಹಕ್ಕೆ ಕಟ್ಟುವ ಚಲನ ಸಂವೇದಕಗಳನ್ನು, ಅಂದರೆ ಹೆಜ್ಜೆಗಳನ್ನು ದಾಖಲಿಸುವ ಸಣ್ಣ ಸೆನ್ಸರ್‌ಗಳನ್ನು, ಬಳಸತೊಡಗಿದೆ.

ಸಂವೇದಕವನ್ನು ಎಲ್ಲಿ ಕಟ್ಟಬೇಕೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಕೈಗೆ ಕಟ್ಟುವ ಸ್ಮಾರ್ಟ್‌ವಾಚ್ ಹೆಜ್ಜೆಯನ್ನು ಗುರುತಿಸಲು ಬಹುಮಟ್ಟಿಗೆ ತೋಳಿನ ಬೀಸನ್ನೇ ನೆಚ್ಚಿಕೊಂಡಿರುತ್ತದೆ. ವಾಕರ್ ಹಿಡಿದವರ ಕೈ ಬೀಸುವುದೇ ಇಲ್ಲ, ಜೊತೆಗೆ ನಡಿಗೆಯೂ ನಿಧಾನ, ಹೀಗಾಗಿ ಎಷ್ಟೋ ಹೆಜ್ಜೆಗಳು ಎಣಿಕೆಗೇ ಸಿಗುವುದಿಲ್ಲ. ಯುರೋಪಿನಲ್ಲಿ 2019ರಲ್ಲಿ ಆರಂಭವಾದ, ಸೊಂಟದ ಮೂಳೆ ಮುರಿದವರನ್ನೂ ಒಳಗೊಂಡ ಮೊಬಿಲೈಸ್-ಡಿ ಎಂಬ ನಡಿಗೆ ಅಳೆಯುವ ಸಂಶೋಧನಾ ಯೋಜನೆಯಲ್ಲಿ ಸಂವೇದಕವನ್ನು ಕೆಳಬೆನ್ನಿಗೆ ಕಟ್ಟಲಾಗಿತ್ತು. ನಾನು ಶಸ್ತ್ರಚಿಕಿತ್ಸೆಯಾಗದ ಕಾಲಿನ ಹರಡಿನ ಮೇಲ್ಭಾಗವನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಶಸ್ತ್ರಚಿಕಿತ್ಸೆಯಾದ ಕಾಲು ವಾರಗಟ್ಟಲೆ ಊದಿಕೊಂಡಿರಬಹುದು, ಅಂಥ ಕಾಲಿಗೆ ಪಟ್ಟಿ ಬಿಗಿಯುವುದು ತರವಲ್ಲ. ಮನೆಗೆ ಕಳಿಸುವ ಮೊದಲು ಅವರನ್ನು ವಾಕರ್‌ನೊಂದಿಗೆ ನಡೆಸಿ, ಹೆಜ್ಜೆಗಳನ್ನು ನಾನೇ ಎಣಿಸಿ, ಸಂವೇದಕದ ಲೆಕ್ಕದೊಂದಿಗೆ ತಾಳೆ ನೋಡುತ್ತೇನೆ. ಎರಡೂ ಹೊಂದದಿದ್ದರೆ ಆ ವಾರದ ಯಾವ ಅಂಕಿಯನ್ನೂ ನಂಬುವಂತಿಲ್ಲ. ನಡಿಗೆಯ ವೇಗಕ್ಕೆ ಮಾತ್ರ ಈಗಲೂ ನೆಲದ ಮೇಲೆ 4 ಮೀಟರ್ ಗುರುತು ಮಾಡಿ ಸ್ಟಾಪ್‌ವಾಚ್ ಹಿಡಿಯುತ್ತೇನೆ.

ದಿನದ ಒಟ್ಟು ಹೆಜ್ಜೆಗಳ ಬಗ್ಗೆ ಮನೆಯವರಿಗೆ ಬಹಳ ಕುತೂಹಲ. ನಾನು ಮೊದಲು ನೋಡುವುದು ನಡುವೆ ನಿಲ್ಲದೆ ಒಮ್ಮೆಗೆ ನಡೆದ ಅತಿ ದೀರ್ಘ ನಡಿಗೆಯನ್ನು. ಒಬ್ಬ ಅಜ್ಜಿಯ ಒಟ್ಟು ಹೆಜ್ಜೆಗಳು ವಾರದಿಂದ ವಾರಕ್ಕೆ ಏರುತ್ತಿದ್ದರೂ ಯಾವ ನಡಿಗೆಯೂ ಮಂಚದಿಂದ ಬಚ್ಚಲುಮನೆಯಷ್ಟು ದೂರವನ್ನು ದಾಟಿರಲಿಲ್ಲ. ವಿಚಾರಿಸಿದಾಗ ಕಾಲಿನಲ್ಲಿ ಕೊರತೆಯೇನೂ ಕಾಣಲಿಲ್ಲ. ಅವರು ಹೊಸ್ತಿಲ ಬಳಿ ಬಂದಾಗಲೆಲ್ಲ ಸೊಸೆ "ಅತ್ತೆ, ಬೀಳ್ತೀರಿ, ಕೂತ್ಕೊಳ್ಳಿ" ಎಂದು ತಡೆಯುತ್ತಿದ್ದರು. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ, ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ನಿಜಕ್ಕೂ ಹೆಚ್ಚು. ಆದರೆ ಕೂತೇ ಇದ್ದರೆ ತೊಡೆಯ ಸ್ನಾಯು ಕ್ಷೀಣಿಸಿ ಆ ಸಂಭವವೇ ಇನ್ನಷ್ಟು ಬೆಳೆಯುತ್ತದೆಂದು ಸೊಸೆಗೆ ಗ್ರಾಫ್ ತೋರಿಸಿ ವಿವರಿಸಿದೆ. ಹೊಸ್ತಿಲ ಪಕ್ಕ ಗೋಡೆಗೆ ಹಿಡಿಕೆ ಹಾಕಿಸಿದರು. ಸಂಜೆ ಸೊಸೆ ಜೊತೆಗಿದ್ದಾಗ ಜಗಲಿಯ ತನಕ ನಡೆಯುವುದು ರೂಢಿಯಾಯಿತು, ದೀರ್ಘ ನಡಿಗೆಯ ಗೆರೆಯೂ ಮೇಲೇರತೊಡಗಿತು.

ಏರುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಕುಸಿದರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಫೋನ್ ಮಾಡುತ್ತೇನೆ. ಮನೆಗೆ ನೆಂಟರು ಬಂದಿದ್ದರು ಎಂಬಷ್ಟೇ ಕಾರಣವಿರಬಹುದು, ಜ್ವರವಿರಬಹುದು, ಗಾಯದ ಸೋಂಕಿರಬಹುದು, ಒಳಗೆ ಹಾಕಿದ ಸ್ಕ್ರೂ ಸರಿದಿರಲೂಬಹುದು. ಸಂವೇದಕ ಕುಸಿತವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ತೊಡೆಸಂದಿಯಲ್ಲಿ ಹೊಸ ನೋವಿದೆ, ಆ ಕಾಲಿನ ಮೇಲೆ ಭಾರ ಹಾಕಲಾಗುತ್ತಿಲ್ಲ ಎಂದರೆ ವ್ಯಾಯಾಮ ನಿಲ್ಲಿಸಿ, ಗ್ರಾಫ್‌ನ ಪ್ರತಿಯೊಂದಿಗೆ ಮೂಳೆ ವೈದ್ಯರ ಬಳಿಗೆ ಎಕ್ಸ್‌ರೇಗೆ ಕಳಿಸುತ್ತೇನೆ.